ಗುಂಡಿ ಹುಡುಕಿ ಸೈಕಲ್ ಓಡಿಸುವ ಜರ್ಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿ ಸಾಲಿನ ಹಿಂದಿನ ಓಣಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸೈಕಲ್ ಓಡಿಸಿಕೊಂಡು ಬರುತ್ತಿದ್ದಾರೆ. ಈ ಓಣಿಗೆ ಟಾರು ಹಾಕಿದ್ದು ಯಾವ ಕಾಲದಲ್ಲೋ. ಈಗ ಉಳಿದಿರುವುದು ಗುಂಡಿ, ಜಲ್ಲಿ, ಮತ್ತೆ ನೀರಿನ ಪೈಪಿಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ ಕಾಲುವೆ. ಎಲ್ಲರೂ ಗುಂಡಿ ತಪ್ಪಿಸಿ ಹೋದರೆ ಈಕೆ ಗುಂಡಿ ಕಂಡ ಕಡೆಗೇ ಹ್ಯಾಂಡಲ್ ತಿರುಗಿಸುತ್ತಾರೆ. ಸೈಕಲ್ ದಡ್ ಎಂದು ಇಳಿಯುತ್ತದೆ, ಏಳುತ್ತದೆ. ಈಕೆ ಕಣ್ಣು ಮುಚ್ಚಿಕೊಂಡು ಒಂದು ಕ್ಷಣ ಏನನ್ನೋ ಕೇಳಿಸಿಕೊಂಡವರಂತೆ ಕೂತು, ತಿರುಗಿ ಬಂದು ಅದೇ ಗುಂಡಿಗೆ ಮತ್ತೆ ಇಳಿಸುತ್ತಾರೆ.

ಓಣಿಯ ತುದಿಯಲ್ಲಿ ಹಾಲಿನ ವ್ಯಾನು ನಿಂತಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಡ್ರೈವರಿಗೆ ಈ ದೃಶ್ಯ ಹೊಸದು. ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಾನೆ, "ಅಮ್ಮಾ, ಗುಂಡಿ ಇದೆ, ನೋಡ್ಕೊಂಡು!"

"ಇದೆ ಅಂತಾನೇ ಬಂದಿರೋದು ಕಣಪ್ಪ!" ಎಂದು ಈಕೆಯೂ ಅಷ್ಟೇ ಜೋರಾಗಿ ಕೂಗಿ ಇನ್ನೊಂದು ಗುಂಡಿಗೆ ಸೈಕಲ್ ಇಳಿಸುತ್ತಾರೆ.

ಇವರೇ ಜರ್ಕಕ್ಕ, ತಾವು ಮಾಡಿದ ಸೀಟನ್ನು ಗುಂಡಿಗೆ ಇಳಿಸಿಯೇ ಪರೀಕ್ಷೆ ಮಾಡುವವರು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ಅಂಗಡಿಗೆ ಬಂದವರನ್ನೆಲ್ಲ ಮೊದಲು "ಜರ್ಕು ಎಲ್ಲಿಗೆ ಬೀಳುತ್ತೆ? ಸೊಂಟಕ್ಕಾ, ಕತ್ತಿಗಾ, ಮೊಣಕೈಗಾ?" ಎಂದು ಕೇಳಿ ಕೇಳಿ ಆ ಹೆಸರೇ ಅಂಟಿಕೊಂಡಿದೆ. ಬೇಜಾರಿಲ್ಲವೇ ಎಂದರೆ ನಗುತ್ತಾರೆ. "ಇದಕ್ಕಿಂತ ಮೊದಲು ಸೀಟಕ್ಕ ಅಂತಿದ್ರು. ಅದಕ್ಕಿಂತ ಇದು ವಾಸಿ ಅಲ್ವಾ?"

ಸೀಟಕ್ಕ ಎಂದು ಕರೆಯಲು ಕಾರಣವಿತ್ತು. ಇವರ ಯಜಮಾನರದು ಸೈಕಲ್ ರಿಪೇರಿ ಅಂಗಡಿ. ಮದುವೆಯಾಗಿ ಬಂದಾಗ ಇವರ ಜೊತೆ ಬಂದದ್ದು ಒಂದು ಹೊಲಿಗೆ ಯಂತ್ರ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅದನ್ನು ಇಟ್ಟುಕೊಂಡು ಸೈಕಲ್ ಸೀಟಿಗೆ, ಸ್ಕೂಟರ್ ಸೀಟಿಗೆ ಕವರು ಹೊಲಿಯುತ್ತಿದ್ದರು. ಹರಿದ ಸೀಟುಗಳನ್ನು ಬಿಚ್ಚಿ ಬಿಚ್ಚಿ ಒಂದು ವಿಷಯ ಇವರ ಗಮನಕ್ಕೆ ಬಂತು. ಎಲ್ಲರ ಸೀಟೂ ಒಂದೇ ಕಡೆ ಹರಿಯುವುದಿಲ್ಲ. ಭಾರ ಹೊತ್ತು ತುಳಿಯುವವರದು ಮೂತಿಯ ಕಡೆ, ಬೆನ್ನುನೋವಿನವರದು ಒಂದು ಪಕ್ಕಕ್ಕೆ. "ಸೀಟು ಬಿಚ್ಚಿದ್ರೆ ಸಾಕು, ಕೂರೋ ಮನುಷ್ಯ ಹೆಂಗೆ ನರಳ್ತಾನೆ ಅಂತ ಗೊತ್ತಾಗ್ಬಿಡ್ತಿತ್ತು. ಆದ್ರೆ ಗೊತ್ತಾಗಿ ಏನ್ಮಾಡೋದು? ಹೊಸ ಬಟ್ಟೆ ಹಾಕಿ ಹೊಲಿದು ಕಳಿಸ್ತಿದ್ದೆ."

ಅಂಗಡಿ ಈಗಲೂ ಅದೇ. ಉದ್ದಕ್ಕೆ ರೈಲು ಡಬ್ಬಿಯ ಹಾಗಿದೆ. ಮುಂದಿನ ಅರ್ಧ ಯಜಮಾನರದು. ಪಂಕ್ಚರು, ಚೈನು, ಬ್ರೇಕು, ಗಾಳಿ ಪಂಪು. ಹಿಂದಿನ ಅರ್ಧ ಜರ್ಕಕ್ಕನದು. ವೆಲ್ಡಿಂಗ್ ಯಂತ್ರ, ಕಬ್ಬಿಣದ ಕೊಳವೆಗಳು, ಗುಜರಿಯಿಂದ ತಂದ ಸ್ಪ್ರಿಂಗುಗಳ ರಾಶಿ, ಗೋಡೆಗೆ ನೇತುಹಾಕಿದ ಹಳೇ ಟ್ಯೂಬುಗಳು. ಹೊಲಿಗೆ ಯಂತ್ರ ಇನ್ನೂ ಇದೆ, ಮೇಲೆ ಸ್ಪ್ಯಾನರುಗಳು ಮಲಗಿವೆ. ನಡುವೆ ಗೋಡೆಯೇನೂ ಇಲ್ಲ, ಆದರೂ ಗಂಡ ಹೆಂಡತಿ ಇಬ್ಬರಿಗೂ ಗಡಿ ಎಲ್ಲಿದೆ ಎಂದು ಚೆನ್ನಾಗಿ ಗೊತ್ತು. "ನನ್ನ ಹದಿನಾಲ್ಕನೇ ನಂಬರಿನ ಸ್ಪ್ಯಾನರು ಆ ಕಡೆ ಹೋದ್ರೆ ಮುಗೀತು," ಎನ್ನುತ್ತಾರೆ ಯಜಮಾನರು. "ತವರಿಗೆ ಹೋದ ಹಾಗೆ. ಕರೆಯೋಕೆ ನಾನೇ ಹೋಗ್ಬೇಕು."

ಸೀಟು ಹೊಲಿಯುತ್ತಿದ್ದವರ ಕೈಗೆ ವೆಲ್ಡಿಂಗ್ ಕಡ್ಡಿ ಬಂದದ್ದು ಮೈದುನನಿಂದ.

ಯಜಮಾನರ ತಮ್ಮ ಆಗ ಇವರ ಜೊತೆಯಲ್ಲೇ ಇದ್ದ. ಸೈಕಲ್ಲಿನ ಹಿಂದೆ ಮೊಟ್ಟೆಯ ತಟ್ಟೆಗಳನ್ನು ಕಟ್ಟಿಕೊಂಡು ಬೇಕರಿಗಳಿಗೆ, ಅಂಗಡಿಗಳಿಗೆ ಹಾಕಿ ಬರುವುದು ಅವನ ಕೆಲಸ. ಮಾತಿನ ಮಲ್ಲ. ಮೊಟ್ಟೆ ಕೊಡುವ ಹೊತ್ತಿಗೆ ಬೀದಿಯ ಸುದ್ದಿಯನ್ನೂ ಹಂಚಿ ಬರುತ್ತಿದ್ದ. ಒಂದು ದಿನ ಸ್ನೇಹಿತರೊಬ್ಬರ ಮನೆಯ ಮೇಲೆ ನೀರಿನ ತೊಟ್ಟಿ ಸರಿಮಾಡಲು ಹೋಗಿ ಏಣಿಯಿಂದ ಬಿದ್ದ. ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ನಡೆದಾಡುವಂತಾದ. ಆದರೆ ವೈದ್ಯರು ಸೈಕಲ್ ಮರೆತುಬಿಡಿ ಎಂದರು. ಒಂದು ಜೋರು ಕುಲುಕು ಸಾಕು, ಮತ್ತೆ ಹಾಸಿಗೆ ಹಿಡಿಯಬೇಕಾದೀತು.

"ಅಂಗಡಿ ಹಿಂದಿನ ಕೋಣೇಲೇ ಅವನ ಹಾಸಿಗೆ," ಜರ್ಕಕ್ಕ ನೆನೆಯುತ್ತಾರೆ. "ಮುಂದುಗಡೆ ಇವರು ಸೈಕಲ್ ರಿಪೇರಿ ಮಾಡಿ ಬೆಲ್ಲು ಬಾರಿಸಿ ನೋಡ್ತಿದ್ರು. ಬೆಲ್ಲು ಕೇಳಿದ ಕೂಡ್ಲೆ ಇವನು ಗೋಡೆ ಕಡೆ ತಿರುಗಿ ಮಲ್ಕೊಳ್ಳೋನು. ಮಾತೇ ನಿಂತೋಯ್ತು. ಊಟ ಆಯ್ತಾ ಅಂದ್ರೆ ಹೂಂ, ನೋವಿದೆಯಾ ಅಂದ್ರೆ ಹೂಂ. ವಟವಟ ಅನ್ನೋ ಹುಡುಗ. ನನಗೆ ಆ ಹೂಂ ಕೇಳೋಕಾಗ್ತಿರಲಿಲ್ಲ."

ಪಕ್ಕದ ಅಂಗಡಿಯಲ್ಲಿ ಗೇಟು, ಕಿಟಕಿ ಮಾಡುವ ಹಿರಿಯರೊಬ್ಬರಿದ್ದರು. ಅವರ ಬಳಿ ಹೋಗಿ ವೆಲ್ಡಿಂಗ್ ಕಲಿಸಿ ಎಂದು ಕೇಳಿದರು. "ಯಾಕಮ್ಮ, ಸೀಟಿಗೆ ಕಬ್ಬಿಣದ ಕವರು ಹಾಕ್ತೀಯಾ?" ಎಂದು ನಕ್ಕರೂ ಅವರು ಇಲ್ಲವೆನ್ನಲಿಲ್ಲ. ಕನ್ನಡಕ ಕೊಟ್ಟರು, ಕಡ್ಡಿ ಕೊಟ್ಟರು, ತಪ್ಪಾದಾಗ ಬೈದರು. ಕೈಗೆ ಕೆಲಸ ಹತ್ತಿದ ಮೇಲೆ ಜರ್ಕಕ್ಕ ಗುಜರಿಯಿಂದ ಸ್ಕೂಟರಿನ ಸ್ಪ್ರಿಂಗೊಂದನ್ನು ತಂದು ಸೈಕಲ್ ಸೀಟಿನ ಕೆಳಗೆ ಕೂರಿಸಿದರು. ತಾವೇ ಹತ್ತಿ ನೋಡಿದರು. ಸ್ಪ್ರಿಂಗು ಒಳಗೆ ಹೋದಷ್ಟೇ ಜೋರಾಗಿ ಮೇಲಕ್ಕೆ ಚಿಮ್ಮಿತು. "ಕುದುರೆ ಒದ್ದ ಹಾಗಾಯ್ತು. ಇವರು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು."

ನಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದಾಗ ಮೈದುನ ಸದ್ದಿಲ್ಲದೆ ಎದ್ದು ಹೋಗಿ ಆ ಸೈಕಲ್ ಹತ್ತಿದ. ಓಣಿಯ ಮೊದಲನೇ ಗುಂಡಿಯಲ್ಲೇ ಸೀಟು ಅವನನ್ನು ಎತ್ತಿ ಎಸೆಯಿತು. ಮೊಣಕೈ ತರಚಿ ಹೋಯಿತು. ಬೆನ್ನು ಹಿಡಿದುಕೊಂಡು ನೆಲದ ಮೇಲೆ ಕೂತವನನ್ನು ಅಣ್ಣ ಎತ್ತಿಕೊಂಡು ಬಂದು ಮಲಗಿಸಿದರು. ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಅಂದು ಯಜಮಾನರು ಹೆಂಡತಿಯ ಮೇಲೆ ಕೂಗಾಡಿದ್ದನ್ನು ಇಡೀ ಸಾಲು ಕೇಳಿಸಿಕೊಂಡಿತು.

"ಅವನನ್ನ ಸಾಯಿಸ್ಬಿಡ್ತೀಯಾ ನೀನು? ಅಂದ್ಬಿಟ್ಟೆ," ಎಂದು ಈಗ ಹೇಳುವಾಗ ಯಜಮಾನರ ದನಿ ತಗ್ಗುತ್ತದೆ. "ಅನ್ನಬಾರದಿತ್ತು. ಅವಳು ಸ್ಪ್ರಿಂಗು ಬಿಚ್ಚಿ ಗುಜರಿ ರಾಶಿಗೆ ಎಸೆದು ಮತ್ತೆ ಸೀಟು ಹೊಲಿಯೋಕೆ ಕೂತಳು."

ಹಾಗೆ ಹೊಲಿಯುತ್ತ ಕೂತಾಗಲೇ ದಾರಿ ಕಂಡಿತು. ಸೀಟಿನ ಒಳಗೆ ತುಂಬುವ ಸ್ಪಂಜನ್ನು ಅಮುಕಿದರೆ ಬೇಗ ತಗ್ಗುತ್ತದೆ, ಏಳುವಾಗ ಮಾತ್ರ ನಿಧಾನವಾಗಿ ಏಳುತ್ತದೆ. ಸ್ಪ್ರಿಂಗಿಗೆ ಆ ಗುಣವಿಲ್ಲ. ಅದು ಕೊಟ್ಟಿದ್ದನ್ನು ಅಲ್ಲೇ ವಾಪಸ್ ಕೊಡುತ್ತದೆ. ಆದರೆ ಸ್ಪಂಜು ಮನುಷ್ಯನ ಭಾರಕ್ಕೆ ತಡೆಯುವುದಿಲ್ಲ. ಲಾರಿಯ ಹಳೇ ಟೈರಿನ ರಬ್ಬರು ತಡೆಯುತ್ತದೆ. ಜರ್ಕಕ್ಕ ರಬ್ಬರನ್ನು ಬಿಲ್ಲೆಗಳಾಗಿ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುವಂತೆ ಮಾಡಿ ಸೀಟಿನ ಕೆಳಗೆ ಕೂರಿಸಿದರು. ಈ ಸಲ ಮೈದುನನಿಗೆ ತೋರಿಸಲಿಲ್ಲ. ಬಟ್ಟೆಯಲ್ಲಿ ಸುತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ ವೈದ್ಯರ ಮೇಜಿನ ಮೇಲೆ ಇಟ್ಟರು.

"ಹೊರಗೆ ಕಳಿಸ್ತಾರೆ ಅಂತ ಅಂದ್ಕೊಂಡೇ ಹೋಗಿದ್ದೆ. ಅವರು ಎದ್ದು ನಿಂತು ಎರಡೂ ಕೈಯಲ್ಲಿ ಅಮುಕಿ ಅಮುಕಿ ನೋಡಿದ್ರು. ಆಮೇಲೆ ಕೆಳಗಿಟ್ಟು ಅದರ ಮೇಲೆ ಕೂತೂ ನೋಡಿದ್ರು. ಇನ್ನೂ ನಿಧಾನ ಏಳ್ಬೇಕಮ್ಮ, ಏಳುವಾಗ್ಲೇ ಬೆನ್ನಿಗೆ ಪೆಟ್ಟು ಅಂದ್ರು. ಆ ಮಾತು ಹೇಳದೆ ಇದ್ದಿದ್ರೆ ನಾನು ಇನ್ನೊಂದು ತಪ್ಪು ಮಾಡ್ತಿದ್ದೆ."

ಒಳಗಿನ ಕೊಳವೆಗೆ ಚರ್ಮದ ಪಟ್ಟಿ ಸುತ್ತಿ ಬಿಗಿ ಮಾಡಿದರು. ಸೀಟು ಮೇಲೇಳುವ ವೇಗ ತಗ್ಗಿತು. ವೈದ್ಯರು ಮತ್ತೊಮ್ಮೆ ನೋಡಿ, ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ದೂರ, ನೋವು ಬಂದರೆ ಅಲ್ಲೇ ಇಳಿಯಬೇಕು ಎಂದು ಷರತ್ತು ಹಾಕಿ ಒಪ್ಪಿದರು. ಮೊದಲ ದಿನ ಅಣ್ಣ ಒಂದು ಪಕ್ಕ, ಅತ್ತಿಗೆ ಒಂದು ಪಕ್ಕ ಓಡಿದರು. ಬೀದಿಯ ಕೊನೆ ಮುಟ್ಟಿ ತಿರುಗಿ ಬಂದ ಮೈದುನ ಕಾಲೂರಿ ನಿಂತು, ಏದುಸಿರು ಬಿಡುತ್ತಿದ್ದ ಅಣ್ಣನನ್ನು ನೋಡಿ, "ಯಾಕೋ ನಿನಗೇ ಡಾಕ್ಟ್ರು ಬೇಕು ಅನ್ಸುತ್ತೆ ಅಣ್ಣ," ಎಂದ. ಎಷ್ಟೋ ತಿಂಗಳಲ್ಲಿ ಅವನಾಡಿದ ಮೊದಲ ಉದ್ದನೆಯ ಮಾತು ಅದು. ಜರ್ಕಕ್ಕ ಒಳಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ಮುಖ ತೊಳೆದರಂತೆ.

ದಿನ ಕಳೆದಂತೆ ದೂರ ಹೆಚ್ಚಿತು. ಬೆನ್ನು ತಡೆಯಿತು. ಮೈದುನ ಮತ್ತೆ ಮೊಟ್ಟೆ ಕಟ್ಟಿಕೊಂಡು ಹೊರಟ. ಸಂಜೆ ಬಂದವನ ಅಂಗಿಯ ಹಿಂಭಾಗವೆಲ್ಲ ಹಳದಿ. "ಅತ್ತಿಗೆ, ನನ್ನ ಬೆನ್ನು ಉಳಿಸಿದ್ರಿ, ಮೊಟ್ಟೆ ಏನು ಪಾಪ ಮಾಡಿತ್ತು?" ಎಂದು ಕೇಳಿದನಂತೆ. ಮೊದಲೂ ಮೊಟ್ಟೆ ಒಡೆಯುತ್ತಿದ್ದವು. ಆದರೆ ಸೀಟು ಕುಲುಕದೆ ಕೂತ ಮೇಲೆ ಹಿಂದಿನ ಕ್ಯಾರಿಯರ್ ಎಷ್ಟು ಕುಲುಕುತ್ತದೆಂದು ಅವನಿಗೆ ಗೊತ್ತಾಗತೊಡಗಿತ್ತು. ಜರ್ಕಕ್ಕ ಕ್ಯಾರಿಯರಿನ ಮೇಲೆ ಇನ್ನೊಂದು ಚೌಕಟ್ಟು ಮಾಡಿ ಟ್ಯೂಬಿನ ಪಟ್ಟಿಗಳಲ್ಲಿ ತೊಟ್ಟಿಲಿನಂತೆ ತೂಗುಹಾಕಿದರು. ಚಕ್ರ ಎಗರಿದರೂ ತಟ್ಟೆ ಅಲ್ಲಾಡದು.

ಆ ತಟ್ಟೆ ಅಲ್ಲಾಡದಿರುವುದನ್ನು ಸಿಗ್ನಲ್ಲಿನಲ್ಲಿ ನಿಂತಿದ್ದ ಇನ್ನೊಬ್ಬರು ನೋಡಿದರು. ಊರಾಚೆಯ ಕೆರೆಯಲ್ಲಿ ಹುಡುಗ ಹುಡುಗಿಯರಿಗೆ ದೋಣಿ ಸ್ಪರ್ಧೆಯ ತರಬೇತಿ ಕೊಡುವ ಕೋಚ್ ಮೇಡಂ. ಒಬ್ಬರೇ ಕೂತು ಹುಟ್ಟು ಹಾಕುವ ಆ ದೋಣಿಗಳು ಮೂರಾಳುದ್ದ, ಅಗಲ ಮಾತ್ರ ಒಂದು ಮೊಳ. ಮೈ ತೆಳು. ಸ್ಪರ್ಧೆಗೆಂದು ವ್ಯಾನಿನ ಮೇಲೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಿ ಇಳಿಸಿದರೆ ಒಂದಲ್ಲ ಒಂದು ದೋಣಿಗೆ ಬಿರುಕು. ಮಕ್ಕಳು ವರ್ಷವಿಡೀ ಬೆವರು ಸುರಿಸಿ, ಅಲ್ಲಿ ಹೋಗಿ ದಡದಲ್ಲಿ ಕೂತು ಬೇರೆಯವರ ಸ್ಪರ್ಧೆ ನೋಡಿ ಬಂದದ್ದೂ ಉಂಟು. ಕೋಚ್ ಮೇಡಂ ಮೊಟ್ಟೆಯ ಸೈಕಲನ್ನು ಹಿಂಬಾಲಿಸಿಕೊಂಡೇ ಅಂಗಡಿಗೆ ಬಂದರು.

"ದೋಣಿ ಅಂದ್ರೆ ನಾನು ದೂರದಿಂದ ನೋಡಿದ್ದಷ್ಟೆ," ಎನ್ನುತ್ತಾರೆ ಜರ್ಕಕ್ಕ. "ಆದ್ರೆ ಒಡೆಯೋ ವಸ್ತು, ಕುಲುಕೋ ರಸ್ತೆ ಅಂದ್ಮೇಲೆ ಮೊಟ್ಟೆ ಆದ್ರೇನು, ದೋಣಿ ಆದ್ರೇನು ಅಂತ ಒಪ್ಕೊಂಡೆ. ಅಲ್ಲೇ ಎಡವಿದ್ದು."

ವ್ಯಾನಿನ ಮೇಲೆ ಕಬ್ಬಿಣದ ಸ್ಟ್ಯಾಂಡ್ ಎದ್ದಿತು. ಕಾಲುಗಳ ಕೆಳಗೆ ರಬ್ಬರ್ ಬಿಲ್ಲೆ, ದೋಣಿ ಕೂರುವಲ್ಲಿ ಟ್ಯೂಬಿನ ತೊಟ್ಟಿಲು. ಮೊದಲೆರಡು ಪ್ರಯಾಣ ಸುಸೂತ್ರ. ಮೂರನೆಯದರಲ್ಲಿ ಹೆದ್ದಾರಿಯ ಮೇಲೆ ಮುಂದಿನ ನಟ್ಟೊಂದು ಸಡಿಲಾಗಿ ಕಳಚಿತು. ಒಂದು ದೋಣಿ ಜಾರಿ ರಸ್ತೆಗೆ ಬಿತ್ತು. ಹಿಂದೆ ಬರುತ್ತಿದ್ದ ಬೈಕ್ ಸವಾರರೊಬ್ಬರು ಪಕ್ಕದ ಕೆಸರಿಗೆ ಬೈಕ್ ಇಳಿಸಿ ಬಚಾವಾದರು. ಮೈಯೆಲ್ಲ ಕೆಸರಾದದ್ದು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ. ದೋಣಿ ಎರಡು ತುಂಡು.

ಜರ್ಕಕ್ಕ ಮರುದಿನವೇ ಆ ಸವಾರರ ಮನೆ ಹುಡುಕಿಕೊಂಡು ಹೋಗಿ ಬಾಗಿಲಲ್ಲಿ ಕೈಮುಗಿದು ನಿಂತರು. ಅವರು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. "ಹೆದ್ದಾರೀಲಿ ಲಾರಿ ಬರುತ್ತೆ ಅಂತ ಹುಷಾರಾಗಿರ್ತೀವಿ. ದೋಣಿ ಬರುತ್ತೆ ಅಂತ ಯಾರು ಅಂದ್ಕೋತಾರೆ ಹೇಳಿ?" ಎಂದು ನಕ್ಕೂಬಿಟ್ಟರು. ಆದರೆ ಜರ್ಕಕ್ಕನಿಗೆ ನಗು ಬರಲಿಲ್ಲ. ಸ್ಟ್ಯಾಂಡನ್ನು ವ್ಯಾನಿನಿಂದ ಇಳಿಸಿ ತಂದು ಅಂಗಡಿಯ ಹಿಂದೆ ಬೋರಲು ಹಾಕಿದರು. ಇನ್ನು ಇಂಥ ಕೆಲಸ ಮುಟ್ಟುವುದಿಲ್ಲವೆಂದು ಕೋಚ್ ಮೇಡಂಗೆ ಹೇಳಿ ಕಳಿಸಿದರು. "ಸೈಕಲ್ ಸೀಟು ಕೆಟ್ರೆ ಕೂತವನಿಗೆ ಪೆಟ್ಟು. ಇದು ಹಾಗಲ್ಲ. ಏನೂ ಅರಿಯದೆ ಹಿಂದೆ ಬರೋನಿಗೆ ಪೆಟ್ಟು."

ತಿಂಗಳುಗಳೇ ಕಳೆದವು. ಮತ್ತೆ ಬಂದದ್ದು ಕೋಚ್ ಮೇಡಂ ಅಲ್ಲ, ಅವರ ದೋಣಿ ವ್ಯಾನಿನ ಡ್ರೈವರು. ಅವರ ಮನಸ್ಸಿನಲ್ಲೂ ಅದೇ ಕೊರೆಯುತ್ತಿತ್ತು. "ಅಕ್ಕಾ, ಒಂದು ಮಾತು. ಗುಂಡಿ ಬಿದ್ದ ರಸ್ತೇಲಿ ನಿಮ್ಮ ಸ್ಟ್ಯಾಂಡು ಮಲಗಿದ ಮಗು ಥರ ಸುಮ್ನಿರ್ತಿತ್ತು. ಒಳ್ಳೆ ರಸ್ತೆಗೆ ಬಂದು ಜೋರಾಗಿ ಹೋದ್ರೆ ಮಾತ್ರ ಮೇಲಿಂದ ಗುಂಯ್ ಅಂತ ಹಾಡೋಕೆ ಶುರು ಮಾಡ್ತಿತ್ತು. ಆ ದಿನಾನೂ ಹಾಡ್ತಾ ಇತ್ತು."

ಜರ್ಕಕ್ಕ ಅದೇ ವಾರ ಸ್ಟ್ಯಾಂಡನ್ನು ಮತ್ತೆ ವ್ಯಾನಿಗೇರಿಸಿ, ಮುರಿದ ದೋಣಿಯ ತುಂಡುಗಳನ್ನೇ ಅದಕ್ಕೆ ಹಗ್ಗದಲ್ಲಿ ಬಿಗಿದು ಕಟ್ಟಿಸಿ, ವಾಹನ ಓಡಾಡದ ಹಳೇ ರಸ್ತೆಯಲ್ಲಿ ವ್ಯಾನ್ ಓಡಿಸಲು ಹೇಳಿದರು. ತಾವು ಯಜಮಾನರ ಸ್ಕೂಟರಿನ ಹಿಂದೆ ಕೂತು ಸ್ವಲ್ಪ ಅಂತರ ಬಿಟ್ಟು ಹಿಂಬಾಲಿಸಿದರು. "ಇನ್ನೂ ಜೋರಾಗಿ ಓಡಿಸಿ ರೀ ಅಂತಾಳೆ, ಸ್ಕೂಟರು ಬಿಚ್ಚಿ ಬೀಳೋ ಹಾಗಿತ್ತು," ಎನ್ನುತ್ತಾರೆ ಯಜಮಾನರು. ವೇಗ ಹೆಚ್ಚಿದಂತೆ ಸ್ಟ್ಯಾಂಡ್ ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ ನಡುಗುತ್ತಿರುವುದು ಜರ್ಕಕ್ಕನ ಕಣ್ಣಿಗೆ ಬಿತ್ತು. ಗುಂಡಿಯ ಪೆಟ್ಟನ್ನು ನುಂಗುವ ಅದೇ ರಬ್ಬರು ಗಾಳಿಯ ತಳ್ಳಾಟಕ್ಕೆ ಮಣಿಯುತ್ತಿತ್ತು. ಆ ನಡುಕವೇ ನಟ್ಟನ್ನು ಚೂರು ಚೂರೇ ತಿರುಗಿಸಿ ಕಳಚಿತ್ತು.

ಕಾಲುಗಳ ನಡುವೆ ಅಡ್ಡಡ್ಡ ಪಟ್ಟಿ ಬಂತು. ಪ್ರತಿ ನಟ್ಟಿನ ಹೊರಗೆ ಬೋಲ್ಟಿಗೆ ತೂತು ಕೊರೆದು ಪಿನ್ನು ಸಿಕ್ಕಿಸಿದರು. ದೋಣಿಯ ಮೂತಿಯಿಂದ ವ್ಯಾನಿನ ಮುಂಭಾಗಕ್ಕೆ ಒಂದು ಹಗ್ಗ, ಎಲ್ಲ ಕೈಕೊಟ್ಟರೂ ಇದೊಂದು ಇರಲಿ ಎಂದು. ಮತ್ತೆ ಅದೇ ರಸ್ತೆ, ಅದೇ ಸ್ಕೂಟರು. ಸ್ಟ್ಯಾಂಡ್ ಹಾಡಲಿಲ್ಲ. ಅಂದಿನಿಂದ ವರ್ಷಗಳು ಉರುಳಿವೆ, ಒಂದು ದೋಣಿಯೂ ಜಾರಿಲ್ಲ, ಬಿರುಕು ಬಿಟ್ಟಿಲ್ಲ.

ಈಗ ಅಂಗಡಿಯ ಹಿಂದಿನ ಅರ್ಧಕ್ಕೆ ಬಗೆಬಗೆಯವರು ಬರುತ್ತಾರೆ. ಕೀಲುನೋವಿನ ನಿವೃತ್ತ ಮೇಷ್ಟ್ರು ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ರಬ್ಬರ್ ಹಾಕಿಸಿಕೊಂಡು ಹೋಗಿದ್ದಾರೆ. ಕೋಲು ಹಿಡಿದು ಎತ್ತರ ಜಿಗಿಯುವ ಆಟಗಾರನೊಬ್ಬ ತನ್ನ ಉದ್ದುದ್ದ ಕೋಲುಗಳನ್ನು ಕಾರಿನ ಮೇಲೆ ಒಯ್ಯಲು ಸ್ಟ್ಯಾಂಡ್ ಕೇಳಿ ಬಂದಿದ್ದಾನೆ. ಗಾಲಿಕುರ್ಚಿಯಲ್ಲಿ ಕೂತು ಚೆಂಡಾಟ ಆಡುವ ತಂಡದ ನಾಯಕಿ, ಯಾರ ಸಹಾಯವೂ ಬೇಡದೆ ತಾನೇ ಕುರ್ಚಿಯನ್ನು ಏರಿಸಿ ಇಳಿಸಬೇಕು ಎಂದು ಹಟ ಹಿಡಿದಿದ್ದರಿಂದ, ಸೊಂಟದ ಮಟ್ಟಕ್ಕೆ ಕೆಳಗಿಳಿದು ಬರುವ ಸ್ಟ್ಯಾಂಡ್ ಅವರ ವ್ಯಾನಿನ ಬೆನ್ನಿಗೆ ಬಂದಿದೆ. "ಅದು ಮೂರು ಸಲ ಮಾಡಿ ಕೆಡಿಸಿದ್ದು," ಎನ್ನುತ್ತಾರೆ ಜರ್ಕಕ್ಕ, ಸಂಕೋಚವಿಲ್ಲದೆ.

ಹಿಂದೊಮ್ಮೆ ಯಾರೋ ಒಬ್ಬರು ಬಂದು ಸೀಟಿನ ಕೊಳವೆಯ ಅಳತೆ ತೆಗೆದುಕೊಂಡು, ಫೋಟೋ ಹೊಡೆದುಕೊಂಡು ಹೋದರು. ಮರುವರ್ಷ ಪೇಟೆಯ ದೊಡ್ಡ ಅಂಗಡಿಯ ಗಾಜಿನ ಹಿಂದೆ ಅದೇ ಬಗೆಯ ಸೀಟು ಕಂಡಿತು. ಯಜಮಾನರು ಕೆಂಡಾಮಂಡಲವಾದರು. ಜರ್ಕಕ್ಕ ಒಳಗೆ ಹೋಗಿ ಅಮುಕಿ ನೋಡಿ ಬಂದರು. "ಚೆನ್ನಾಗೇ ಮಾಡಿದ್ದಾರೆ. ನಮ್ಮದಕ್ಕಿಂತ ಬಣ್ಣ ಚೆಂದ," ಎಂದರಂತೆ. ಹಾಗಾದರೆ ಬೇಸರವೇ ಆಗಲಿಲ್ಲವೇ? "ಆಯ್ತು. ಯಾಕೆ ಸುಳ್ಳು ಹೇಳ್ಲಿ? ಎರಡು ದಿನ ಕೈಗೆ ಕೆಲಸ ಹತ್ತಲಿಲ್ಲ. ಬಂದು ಒಂದು ಮಾತು ಕೇಳಿದ್ರೆ ನಾನೇ ಹೇಳ್ಕೊಡ್ತಿದ್ದೆ."

ನಿಮ್ಮ ಸ್ಟ್ಯಾಂಡಿನ ಮೇಲೆ ಹೋದ ದೋಣಿಗಳ ಸ್ಪರ್ಧೆ ನೋಡಿದ್ದೀರಾ ಎಂದು ಕೇಳಿದಾಗ ಜರ್ಕಕ್ಕ ತಲೆಯಾಡಿಸುತ್ತಾರೆ. ಒಮ್ಮೆಯೂ ಇಲ್ಲ. ಸ್ಟ್ಯಾಂಡಿನ ಪಿನ್ನು ನೋಡಿಸಲು ಬಂದಿದ್ದ ಕೋಚ್ ಮೇಡಂ ಪಕ್ಕದಲ್ಲೇ ಇದ್ದಾರೆ. "ಪ್ರತಿ ಸಲ ಕರೀತೀನಿ. ಪ್ರತಿ ಸಲ ಒಂದು ನೆಪ. ನಾಳೆ ಸ್ಪರ್ಧೆ ಇದೆ, ಬರ್ದಿದ್ರೆ ನೋಡಿ!" ಯಜಮಾನರು ಪಂಕ್ಚರ್ ಹಾಕುವಲ್ಲಿಂದಲೇ, "ನಾನೂ ಬರ್ತೀನಿ," ಎನ್ನುತ್ತಾರೆ. ಮೈದುನ ಅಂಗಡಿ ನೋಡಿಕೊಳ್ಳುವುದೆಂದಾಗುತ್ತದೆ.

ಮರುದಿನ ಭಾನುವಾರ, ವ್ಯಾನಿನಲ್ಲಿ ಇವರ ಬಗ್ಗೆ ಬರೆಯಲು ಬಂದ ನಾನೂ ಇದ್ದೇನೆ. ಹೋಗುವಾಗ ಜರ್ಕಕ್ಕ ಕತ್ತು ಮೇಲೆತ್ತಿ ವ್ಯಾನಿನ ಸೂರಿಗೆ ಕಿವಿಯಿಟ್ಟು ಕೂತಿದ್ದಾರೆ. ಮಕ್ಕಳು ಹಾಡಲು ಶುರುಮಾಡಿದರೆ "ಶ್!" ಎನ್ನುತ್ತಾರೆ. ಕೆರೆ ತಲುಪಿ ದೋಣಿಗಳು ಒಂದೊಂದಾಗಿ ಇಳಿಯುವಾಗ ಪ್ರತಿಯೊಂದರ ಅಡಿಗೂ ಕೈಯಾಡಿಸಿ ನೋಡಿದ ಮೇಲೆಯೇ ದಡದ ಕಲ್ಲಿನ ಮೇಲೆ ಕೂರುವುದು.

ಸ್ಪರ್ಧೆ ಶುರುವಾಗುತ್ತದೆ. ನಮ್ಮ ವ್ಯಾನಿನಲ್ಲಿ ಬಂದ ಹುಡುಗಿಯೊಬ್ಬಳ ದೋಣಿ ನೀರನ್ನು ಸೀಳಿಕೊಂಡು ಹೊರಡುತ್ತದೆ. ಜರ್ಕಕ್ಕ ಎದ್ದು ನಿಲ್ಲುತ್ತಾರೆ. ಕೂಗುವುದಿಲ್ಲ, ಚಪ್ಪಾಳೆಯೂ ಇಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಹುಡುಗಿ ಹುಟ್ಟು ಹಾಕಿದಾಗಲೆಲ್ಲ ತಾವೂ ಚೂರು ಮುಂದಕ್ಕೆ ಬಾಗುತ್ತಾರೆ. ಹುಡುಗಿ ನಾಲ್ಕನೆಯವಳಾಗಿ ಮುಗಿಸುತ್ತಾಳೆ. ಪದಕವಿಲ್ಲ. ದಡಕ್ಕೆ ಬಂದು ಮುಖ ಮುಚ್ಚಿಕೊಂಡು ಕೂತವಳ ಪಕ್ಕ ಜರ್ಕಕ್ಕ ಹೋಗಿ ಕೂರುತ್ತಾರೆ.

"ನನ್ನಿಂದ ಆಗ್ಲಿಲ್ಲ ಆಂಟಿ. ದೋಣಿ ಚೆನ್ನಾಗೇ ಇತ್ತು."

"ಎಷ್ಟು ಚೆಂದ ಹೋಯ್ತು ಗೊತ್ತಾ," ಎನ್ನುತ್ತಾರೆ ಜರ್ಕಕ್ಕ. "ಇಷ್ಟು ವರ್ಷ ನಾನು ಅದನ್ನ ಬರೀ ಮಲಗಿರೋದು ನೋಡಿದ್ದೆ. ಅದು ಓಡೋದು ಇವತ್ತು ನೋಡ್ದೆ. ನೀನು ಓಡಿಸಿದ್ದಕ್ಕೆ ನೋಡ್ದೆ." ಹುಡುಗಿ ಕಣ್ಣೊರೆಸಿಕೊಂಡು ಅವರ ಭುಜಕ್ಕೆ ತಲೆಯಾನಿಸುತ್ತಾಳೆ.

ವಾಪಸಾಗುವಾಗ ದೋಣಿಗಳನ್ನು ಕಟ್ಟಿದ ಡ್ರೈವರು ವಾಡಿಕೆಯಂತೆ, "ಅಕ್ಕಾ, ಒಂದ್ಸಲ ಪಿನ್ನು ನೋಡ್ತೀರಾ?" ಎಂದು ಕೇಳುತ್ತಾರೆ. "ನೀವು ನೋಡಿದ್ರಲ್ಲ, ಸಾಕು," ಎಂದು ಜರ್ಕಕ್ಕ ಹತ್ತಿ ಕೂರುತ್ತಾರೆ. ಹೆದ್ದಾರಿ ಮುಗಿದು ಊರಿನ ಒಡಕು ರಸ್ತೆ ಶುರುವಾಗುವ ಹೊತ್ತಿಗೆ ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದಾರೆ. ವ್ಯಾನು ಒಂದು ದೊಡ್ಡ ಗುಂಡಿಗೆ ಇಳಿದು ಎಗರುತ್ತದೆ. ಯಜಮಾನರು ಗಾಬರಿಯಾಗಿ ಮುಂದಿನ ಸೀಟು ಹಿಡಿದು ಮೇಲಕ್ಕೆ ನೋಡುತ್ತಾರೆ.

ಜರ್ಕಕ್ಕ ಕಣ್ಣು ತೆರೆಯುವುದಿಲ್ಲ. "ಏನೂ ಆಗಲ್ಲ, ಸುಮ್ನೆ ಕೂತ್ಕೊಳ್ರಿ," ಎನ್ನುತ್ತಾರೆ. "ಅದನ್ನ ಮಾಡಿರೋದು ನಾನು."